ಸೀತಾರಾಮಣ್ಣನ ನಂಬರು

ಜನವರಿ 8, 2025, ಬುಧವಾರ

ವಿಘ್ನೇಶ್ವರ ಸರ್ ಇವತ್ತು ಹೊಸ ಕೆಲಸ ಕೊಟ್ಟರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನ ರಕ್ತದಾನಿಗಳ ಬಳಗಕ್ಕೆ ಒಂದು ಅಪ್ಲಿಕೇಶನ್. ಆಸ್ಪತ್ರೆಯವರು ರಕ್ತದ ಗುಂಪು ಯಾವುದು, ಎಷ್ಟು ಬಾಟಲಿ ಎಂದು ತುಂಬಿ ಒತ್ತಿದರೆ ಆ ಗುಂಪಿನ ದಾನಿಗಳ ಫೋನಿಗೆ ಮೆಸೇಜ್ ಹೋಗಬೇಕು. ಬಳಗದಿಂದ ಹಣ ತೆಗೆದುಕೊಳ್ಳುವುದಿಲ್ಲ, ಆದರೂ ಅಚ್ಚುಕಟ್ಟಾಗಿರಬೇಕು ಎಂದರು.

ಆಫೀಸಿನಲ್ಲಿ ನಾವು ನಾಲ್ಕು ಜನ. ಕೆಲಸ ನನಗೆ ಬಂದದ್ದಕ್ಕೆ ಕಾರಣವಿದೆ. ಇದರಲ್ಲಿ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವುದು ಇಲ್ಲ. ನನಗೆ ಉಗ್ಗು ಇದೆ. ಮುಖ್ಯವಾಗಿ ಬ, ಪ. ಎಲ್ಲಕ್ಕಿಂತ ಕಷ್ಟ ನನ್ನದೇ ಹೆಸರು, ನುಜ್ಹತ್.

ಸಂಜೆ ಸೀತಾರಾಮಣ್ಣನ ಮನೆಗೆ ಹೋಗಿದ್ದೆ. ಲ್ಯಾಬ್ ಟೆಕ್ನಿಶಿಯನ್ ಆಗಿ ನಿವೃತ್ತರಾದವರು. ಇಪ್ಪತ್ತಾರು ವರ್ಷ ಈ ಬಳಗ ನಡೆದದ್ದು ಅವರೊಬ್ಬರ ಫೋನಿನಿಂದ. ರಕ್ತ ಬೇಕೆಂದರೆ ಅವರೇ ಒಬ್ಬೊಬ್ಬರಿಗೂ ಕರೆ ಮಾಡುತ್ತಿದ್ದರು. ಕಳೆದ ಆಗಸ್ಟಿನಲ್ಲಿ ಗಂಟಲಿನ ಕ್ಯಾನ್ಸರಿಗೆ ಆಪರೇಶನ್ ಆಗಿ ಧ್ವನಿಪೆಟ್ಟಿಗೆ ತೆಗೆದಿದ್ದಾರೆ. ಅದಕ್ಕೇ ಈ ಅಪ್ಲಿಕೇಶನ್.

ಬಾಗಿಲು ತೆಗೆದದ್ದು ಅವರ ಹೆಂಡತಿ ಗೌರಕ್ಕ. "ಬಾ ತಂಗಿ. ಅವರಿಗೆ ಮಾತಾಡೂಲೆ ಆಗ್ತಿಲ್ಲೆ ಅಷ್ಟೇ, ಕಿವಿ ಚುರುಕಿದ್ದು. ಚಾ ಅಡ್ಡಿಲ್ಯ?"

ತಲೆಯಾಡಿಸಿದೆ. ಸೀತಾರಾಮಣ್ಣ ಮೂರು ರಿಜಿಸ್ಟರ್ ತಂದು ಮುಂದಿಟ್ಟರು. ಕೈಯಲ್ಲಿ ಸಣ್ಣ ನೋಟ್‌ಬುಕ್ಕು, ಮಾತೆಲ್ಲ ಅದರಲ್ಲೇ ಬರೆಯುತ್ತಾರೆ. ಒಂದು ಗಂಟೆಯಲ್ಲಿ ನಾನು ಆಡಿದ ಮಾತು ಆರು, ತಡೆದದ್ದು ಎರಡು. ಅವರು ಏನನ್ನೂ ಗಮನಿಸಿದ ಹಾಗೆ ಕಾಣಲಿಲ್ಲ.

ಜನವರಿ 10, ಶುಕ್ರವಾರ

ಅಪ್ಲಿಕೇಶನ್ನನ್ನು ಕಂಟೇನರಿನಲ್ಲಿ ಹಾಕಿದ್ದೇನೆ. ಪ್ರೋಗ್ರಾಮಿಗೆ ಬೇಕಾದ ಸಾಮಾನನ್ನೆಲ್ಲ ಒಂದೇ ಡಬ್ಬಿಯಲ್ಲಿ ತುಂಬಿ ಮುಚ್ಚಿದ ಹಾಗೆ. ನನ್ನ ಲ್ಯಾಪ್‌ಟಾಪಿನಲ್ಲಿ ಹೇಗೋ ಆಸ್ಪತ್ರೆಯ ಮೂಲೆಯಲ್ಲಿರುವ ಹಳೆ ಕಂಪ್ಯೂಟರಿನಲ್ಲೂ ಹಾಗೇ ಓಡುತ್ತದೆ. ಮೆಸೇಜ್ ಸಾಗಿಸಲು ಕ್ಲೌಡಿನ ಸೇವೆಯೊಂದನ್ನು ಆರಿಸಿದ್ದೇವೆ. ಎರಡಕ್ಕೂ ಸಂಪರ್ಕ ಬೆಳೆಸುವುದು ನನ್ನ ಕೆಲಸ.

ಬೆಳೆಯಲಿಲ್ಲ. ಡಬ್ಬಿಯ ಹೊರಗಿನಿಂದ ಮೆಸೇಜ್ ಹೋಗುತ್ತದೆ, ಒಳಗಿನಿಂದ ಹೋಗುವುದಿಲ್ಲ. ಕ್ಲೌಡಿಗೆ ತೋರಿಸಬೇಕಾದ ಗುರುತಿನ ಕೀ ನನ್ನ ಲ್ಯಾಪ್‌ಟಾಪಿನಲ್ಲಿದೆ, ಡಬ್ಬಿಗೆ ಅದು ಕಾಣುವುದೇ ಇಲ್ಲ. ಕೀಯನ್ನು ಒಳಗೇ ತುಂಬಿಟ್ಟರೆ ಡಬ್ಬಿ ಸಿಕ್ಕವರಿಗೆಲ್ಲ ಕೀ ಸಿಕ್ಕ ಹಾಗೆ. ಓಡಿಸುವ ಹೊತ್ತಿಗೆ ಹೊರಗಿನಿಂದ ಕೊಡಬೇಕು.

ಜನವರಿ 13, ಸೋಮವಾರ

ಹೋಯಿತು. ಮೊದಲ ಮೆಸೇಜ್ ನನ್ನ ಫೋನಿಗೇ ಬಂತು, ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ.

ಜನವರಿ 17, ಶುಕ್ರವಾರ

ರಿಜಿಸ್ಟರಿನ ವಿವರ ಕಂಪ್ಯೂಟರಿಗೆ ಹಾಕುವುದು ಮುಗಿಯಿತು. ಒಟ್ಟು 812 ದಾನಿಗಳು. ಓ ನೆಗೆಟಿವ್ ಹತ್ತೊಂಬತ್ತೇ ಜನ. ಹೆಸರು, ಗುಂಪು, ಊರು, ಕೊನೆಗೆ ಕೊಟ್ಟ ದಿನಾಂಕ ಇಷ್ಟನ್ನು ತೆಗೆದುಕೊಂಡೆ. ಅಂಚಿನಲ್ಲಿ ಅವರು ಬೇರೆ ಏನೇನೋ ಬರೆದಿದ್ದಾರೆ. "ಹುಚ್ಚಪ್ಪ, ದಾಸನಕೊಪ್ಪ. ಎಂಟರ ಮೇಲೆ ಗದ್ದೆ, ಫೋನ್ ಮನೆಯಲ್ಲಿ. ಹೆಂಡತಿ ಎತ್ತಿದರೆ ಮೊದಲು ಮೊಣಕಾಲಿನ ಸುದ್ದಿ ಕೇಳುವುದು." "ಪರಿಮಳಾ, ಯಲ್ಲಾಪುರ, ಶಿಕ್ಷಕಿ. ಸೂಜಿ ಕಂಡರೆ ಹೆದರಿಕೆ. ಆದರೂ ಬರುತ್ತಾರೆ." ಇವಕ್ಕೆ ಕಾಲಂ ಇಲ್ಲ. ಬಿಟ್ಟೆ.

ಮೆಸೇಜಿನ ಒಕ್ಕಣೆಗೆ ಚರ್ಚೆಯಾಯಿತು. ಸೀತಾರಾಮಣ್ಣನ ಕರಡು ಹೀಗಿತ್ತು: "ನಮಸ್ಕಾರ, ಮನೆಯಲ್ಲಿ ಎಲ್ಲ ಆರಾಮೇ? ಒಂದು ತೊಂದರೆ ಕೊಡಬೇಕಾಗಿದೆ." ಕನ್ನಡದಲ್ಲಿ ಒಂದು ಮೆಸೇಜಿಗೆ ಎಪ್ಪತ್ತೇ ಅಕ್ಷರ, ಕುಶಲ ಕೇಳುವಷ್ಟರಲ್ಲಿ ಮುಗಿಯುತ್ತದೆ ಎಂದು ಬರೆದು ತೋರಿಸಿದೆ. ಅವರು ಕೆಳಗೆ ಬರೆದರು: "ಹಾಗಾದರೆ ಎರಡು ಕಳಿಸು."

ಗೌರಕ್ಕ ನಕ್ಕರು. "ಅವರ ಮಾತೇ ಹಂಗೆ ತಂಗಿ, ಉದ್ದ. ಅಲ್ಲ, ಈ ಕ್ಲೌಡ್ ಅಂದ್ರೆ ಎಂತದು?"

ಅಂಚೆ ಕಚೇರಿ ಇದ್ದ ಹಾಗೆ ಎಂದೆ. ಒಂದು ಕಡೆ ಹಾಕಿದ್ದನ್ನು ಸಾಲಿನಲ್ಲಿ ಇಟ್ಟುಕೊಂಡು ಮುಂದೆ ಮುಟ್ಟಿಸುತ್ತದೆ. ಮುಟ್ಟಿತು ಎಂದು ನಾವು ಹೇಳುವ ತನಕ ಸಾಲಿನಿಂದ ತೆಗೆಯುವುದಿಲ್ಲ. "ಅಂಚೆ ಕಚೇರಿ" ಸಲೀಸಾಗಿ ಬಂತು. "ಪೋಸ್ಟ್ ಆಫೀಸು" ಎನ್ನುವುದನ್ನು ತಪ್ಪಿಸಿದ್ದೆ.

ಹೊರಡುವಾಗ ಸೀತಾರಾಮಣ್ಣ ತಮ್ಮ ಫೋನನ್ನು ನನ್ನ ಕೈಗಿಟ್ಟರು. ದಾನಿಗಳಿಗೆಲ್ಲ ಗೊತ್ತಿರುವುದು ಆ ನಂಬರೇ, ಮೆಸೇಜ್ ನೋಡಿ ತಿರುಗಿ ಕರೆ ಮಾಡುವುದೂ ಅದಕ್ಕೇ. ಬೇಡವೆಂದೆ. ಅವರು ಬರೆದರು: "ನನ್ನ ಹತ್ತಿರ ಇದ್ದರೆ ಬರೀ ರಿಂಗ್ ಆಗುತ್ತದೆ."

ಮನೆಗೆ ಬಂದು ಅಜರನಿಗೆ ಕೊಟ್ಟೆ. ನನಗೆ ಬರುವ ಫೋನುಗಳನ್ನು ಎತ್ತುವುದು ತಮ್ಮ ಅಜರನೇ. ನನ್ನ ಅರ್ಧ ಮಾತನ್ನು ಪೂರ್ತಿ ಮಾಡುವುದೂ ಅವನೇ. ಅವನದು ಬಾಡಿಗೆ ವ್ಯಾನು, ಹಗಲು ಊರಲ್ಲಿ ಇರುವುದು ಕಡಿಮೆ. ಹಗಲಿನಲ್ಲಿ ನನ್ನ ಹತ್ತಿರ ಸೈಲೆಂಟಿನಲ್ಲಿ ಇಡುವುದೆಂದು ತೀರ್ಮಾನವಾಯಿತು.

ಜನವರಿ 24, ಶುಕ್ರವಾರ

ಐದು ಜನ ದಾನಿಗಳ ನಂಬರಿಗೆ ಪರೀಕ್ಷೆಯ ಮೆಸೇಜ್ ಕಳಿಸಿದೆ. ಅರ್ಧ ಗಂಟೆಯ ಮೇಲೆ ಸೀತಾರಾಮಣ್ಣನ ಫೋನು ಬೆಳಗಿತು. ಸೈಲೆಂಟಿನಲ್ಲಿತ್ತು. ನಾಲ್ಕನೆಯ ಸಲ ಎತ್ತಿದೆ.

"ನಾ ಹುಚ್ಚಪ್ಪರಿ, ದಾಸನಕೊಪ್ಪದಿಂದ. ಒಂದ ಮೆಸೇಜ್ ಹದಿನೇಳ್ ಸರ್ತಿ ಬಂದೈತಲ್ರಿ! ಯಾರಿಗೋ ಭಾಳ ಅರ್ಜೆಂಟ್ ಐತಿ ಅಂತ ಬೈಕ್ ಹತ್ತಿ ಅರ್ಧ ದಾರಿಗೆ ಬಂದೀನಿ. ಯಾವ ವಾರ್ಡಿಗೆ ಬರ್ಲಿ?"

ಪರೀಕ್ಷೆ ಎಂದು ಹೇಳಬೇಕಿತ್ತು. ಪ ಹೊರಡಲಿಲ್ಲ. ಟೆಸ್ಟ್ ಎನ್ನಬಹುದಿತ್ತು, ಹೊಳೆಯಲಿಲ್ಲ. "ಹಲೋ? ಅದೀರೇನ್ರಿ?" ಎಂದು ಮೂರು ಸಲ ಕೇಳಿದರು. ಕರೆ ಕಡಿದು, "ಇದು ಪರೀಕ್ಷೆ ಮಾತ್ರ, ಕ್ಷಮಿಸಿ" ಎಂದು ಟೈಪ್ ಮಾಡಿ ಕಳಿಸಿದೆ. ಅದಾದರೂ ಒಂದೇ ಸಲ ಹೋಯಿತು.

ಕಾರಣ ಸಿಕ್ಕಿದೆ. ಮೆಸೇಜ್ ಕಳಿಸಿದ ಮೇಲೆ "ಮುಟ್ಟಿತು" ಎಂದು ನಮ್ಮ ಕಂಟೇನರು ಕ್ಲೌಡಿಗೆ ತಿಳಿಸಬೇಕು. ತಿಳಿಸುವುದು ತಡವಾಗುತ್ತಿತ್ತು. ಮುಟ್ಟಿಲ್ಲವೆಂದುಕೊಂಡು ಅದು ಮತ್ತೆ ಮತ್ತೆ ಕೊಡುತ್ತಿತ್ತು.

ಜನವರಿ 25, ಶನಿವಾರ

ಸರಿಯಾಯಿತು. ಒಂದಕ್ಕೆ ಒಂದೇ.

ಫೆಬ್ರವರಿ 4, ಮಂಗಳವಾರ

ನಿನ್ನೆಯಿಂದ ಆಸ್ಪತ್ರೆಯಲ್ಲಿ ಓಡುತ್ತಿದೆ. ಮೊದಲ ಬೇಡಿಕೆ ಬಿ ಪಾಸಿಟಿವ್, ಎರಡು ಬಾಟಲಿ. ನೂರ ನಲವತ್ತು ಮೆಸೇಜ್ ಹೋದವು, ಐದು ಜನ ಬಂದರು. ವಿಘ್ನೇಶ್ವರ ಸರ್ ಆಫೀಸಿಗೆಲ್ಲ ಮಿರ್ಚಿ ಭಜಿ ತರಿಸಿದರು. ಸೀತಾರಾಮಣ್ಣನಿಗೆ ಸುದ್ದಿ ಕಳಿಸಿದೆ. "ಬಂದ ಐದು ಜನ ಯಾರು?" ಎಂದು ಕೇಳಿದರು. ಅದನ್ನು ನಾನು ನೋಡಿರಲಿಲ್ಲ.

ಫೆಬ್ರವರಿ 18, ಮಂಗಳವಾರ

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಗೆ ಕರೆಂಟು ಹೋಗಿ ಇಪ್ಪತ್ತು ನಿಮಿಷಕ್ಕೆ ಬಂತು. ಹತ್ತೂಕಾಲಿಗೆ ಆಸ್ಪತ್ರೆಯ ನರ್ಸ್ ವಿಘ್ನೇಶ್ವರ ಸರ್‌ಗೆ ಫೋನ್ ಮಾಡಿದರು. ಸಿದ್ದಾಪುರದ ಕಡೆಯ ಬಸುರಿ, ಎಂಟು ತಿಂಗಳು, ರಕ್ತಸ್ರಾವ ನಿಂತಿಲ್ಲ. ಓ ನೆಗೆಟಿವ್. ಇರುವುದು ಎರಡು ಬಾಟಲಿ, ಇನ್ನೂ ನಾಲ್ಕು ಬೇಕು. ಬಟನ್ ಒತ್ತಿ ಇಪ್ಪತ್ತು ನಿಮಿಷವಾಯಿತು, ಯಾರೂ ಬಂದಿಲ್ಲ, ಯಾರೂ ಫೋನ್ ಮಾಡಿಲ್ಲ.

ನಾನು ಆಸ್ಪತ್ರೆಗೆ ಹೋದೆ. ಬೇಡಿಕೆ ಪರದೆಯ ಮೇಲೆ ಇತ್ತು. ಒಂದು ಮೆಸೇಜೂ ಹೊರಗೆ ಹೋಗಿರಲಿಲ್ಲ. ಗುರುತು ಒಪ್ಪಿಗೆಯಿಲ್ಲ ಎಂದು ಕ್ಲೌಡ್ ಪ್ರತಿ ಸಲವೂ ತಿರಸ್ಕರಿಸಿತ್ತು. ಕೀ ಬದಲಾಯಿಸಿದೆ. ಕಂಟೇನರ್ ನಿಲ್ಲಿಸಿ ಮತ್ತೆ ಓಡಿಸಿದೆ. ಅದೇ ಉತ್ತರ. ಹತ್ತೊಂಬತ್ತು ಜನಕ್ಕೂ ಫೋನಿನಿಂದಲೇ ಮೆಸೇಜ್ ಟೈಪ್ ಮಾಡಿ ಕಳಿಸಿದೆ. ಎಲ್ಲರೂ ಕೆಲಸದಲ್ಲಿರುವ ಹೊತ್ತು, ಒಂದಕ್ಕೂ ಉತ್ತರ ಬರಲಿಲ್ಲ. ಬಾಡಿಗೆಗೆ ಕಾರವಾರಕ್ಕೆ ಹೋಗಿದ್ದ ಅಜರನ ಫೋನು ಘಟ್ಟದಲ್ಲಿ ಸಿಗಲಿಲ್ಲ. ನರ್ಸ್ ಒಳಗೂ ಹೊರಗೂ ಓಡಾಡುತ್ತಿದ್ದರು. ಆಗ ಹತ್ತು ಐವತ್ತು.

ಸೀತಾರಾಮಣ್ಣ ಆಟೋದಲ್ಲಿ ಬಂದರು. ಯಾರು ತಿಳಿಸಿದರೋ. ಕಂಕುಳಲ್ಲಿ ರಿಜಿಸ್ಟರು. ಪಕ್ಕದ ಸ್ಟೂಲಿನಲ್ಲಿ ಕೂತು ಪುಟ ತೆರೆದರು. ಒಂದು ಹೆಸರಿನ ಮೇಲೆ ಬೆರಳಿಟ್ಟು, ಫೋನ್ ತೆಗೆದುಕೊಂಡು ನಂಬರ್ ಒತ್ತಿದರು. ರಿಂಗಾಗುತ್ತಿದ್ದ ಫೋನನ್ನು ನನ್ನ ಕೈಗೆ ಕೊಟ್ಟರು.

ಆಗುವುದಿಲ್ಲ ಎಂದು ಕೈ ಆಡಿಸಿದೆ. ಅವರು ತಮ್ಮ ಗಂಟಲಿನ ಪಟ್ಟಿಯನ್ನು ಮುಟ್ಟಿ ತೋರಿಸಿದರು, ಅಷ್ಟೇ. ಅಷ್ಟರಲ್ಲಿ ಆ ಕಡೆ ಎತ್ತಿದರು. ಯಲ್ಲಾಪುರದ ಅಂಗಡಿಯವರು. ನನ್ನ ಹೆಸರು ಹೇಳಲು ಹೊರಟೆ. ಬರಲಿಲ್ಲ. "ಯಾರ್ರೀ? ಮಾತಾಡಿ" ಎಂದು ಕಾದು ಕಡಿದರು. ಮತ್ತೆ ಒತ್ತಿದಾಗ ಎತ್ತಲೇ ಇಲ್ಲ.

ಸೀತಾರಾಮಣ್ಣ ಮುಂದಿನ ನಂಬರ್ ಒತ್ತಿದರು. ಈ ಸಲ ನನ್ನ ಹೆಸರು ಬಿಟ್ಟು, "ಸೀತಾರಾಮಣ್ಣನ ಕಡೆಯಿಂದ" ಎಂದು ಶುರುಮಾಡಿದೆ. ಎತ್ತಿದ್ದು ಹುಚ್ಚಪ್ಪನವರ ಹೆಂಡತಿ. ಸೀತಾರಾಮಣ್ಣನ ಬೆರಳು ಅಂಚಿನ ಸಾಲಿನ ಮೇಲಿತ್ತು. ಮೊಣಕಾಲು ಹೇಗಿದೆ ಎಂದು ಕೇಳಿದೆ.

"ಅಯ್ಯ, ಈಗ ಚಲೋ ಐತ್ರೀ! ನೆಪ್ಪಿಟ್ಟು ಕೇಳಿದ್ರಲ್ಲ. ಸೀತಾರಾಮ ಮಾಸ್ತರ ದನಿ ಕೇಳಿ ಆರು ತಿಂಗಳಾತು. ತಡೀರಿ, ಅವರನ್ನ ಕರೀತೀನಿ." ಫೋನ್ ಹಿಡಿದುಕೊಂಡೇ ಗದ್ದೆಯ ಕಡೆ ನಡೆದಿರಬೇಕು, ಉಸಿರು ಕೇಳಿಸುತ್ತಿತ್ತು. ಹುಚ್ಚಪ್ಪ ಬಂದರು. ಬಸುರಿ ಎಂದು ಹೇಳುವಲ್ಲಿ ತಡೆಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಅವರು ಹಲೋ ಎನ್ನಲಿಲ್ಲ, ಕಾದರು.

"ಈ ಸರ್ತಿ ಖರೇ ಏನ್ರಿ?"

"ಖರೇ," ಎಂದೆ.

"ಹಂಗಾರ ಹೊಂಟೆ. ಮುಕ್ಕಾಲು ತಾಸ್ನಾಗ ಅಲ್ಲಿರ್ತೀನಿ."

ಆಮೇಲೆ ಒಂದಾದ ಮೇಲೊಂದು. ಪರಿಮಳಾ ಶಾಲೆಯಲ್ಲಿದ್ದರು. ಹೆಡ್‌ಮಾಸ್ಟರಿಗೆ ಹೇಳಿ ಬಸ್ಸು ಹತ್ತಿದರು. ಸೂಜಿ ಚುಚ್ಚುವಾಗ ನಾನು ಪಕ್ಕದಲ್ಲಿರುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಇದ್ದೆ. ನಿಲ್ಕುಂದದ ಸುಜಯ ಎನ್ನುವವರಿಗೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಅಂಚಿನಲ್ಲಿ ಬರೆದಿದ್ದ ಅಂಗಡಿಯ ನಂಬರಿಗೆ ಮಾಡಿ, ಅಂಗಡಿಯವರು ಹೇಳಿಕಳಿಸಿ, ಅವರು ಗುಡ್ಡ ಹತ್ತಿ ತಿರುಗಿ ಫೋನ್ ಮಾಡಿದರು. ಇಬ್ಬರು ಊರಲ್ಲಿಲ್ಲ. ಒಬ್ಬರು ಕೊಟ್ಟು ಎರಡೇ ತಿಂಗಳಾಗಿತ್ತು. ಒಬ್ಬರು ತೀರಿಕೊಂಡು ವರ್ಷವಾಗಿತ್ತಂತೆ. ಫೋನ್ ಎತ್ತಿದ ಅವರ ಮಗಳ ಜೊತೆ ಸ್ವಲ್ಪ ಮಾತಾಡಬೇಕಾಯಿತು.

ಹದಿನಾಲ್ಕು ಕರೆ. ಬಂದವರು ಮೂವರು. ನಾಲ್ಕನೆಯ ಬಾಟಲಿಯನ್ನು ಆಸ್ಪತ್ರೆಯವರು ಹುಬ್ಬಳ್ಳಿಯಿಂದ ತರಿಸಿದರು. ಸಂಜೆ ಐದಕ್ಕೆ ಆಪರೇಶನ್ ಮುಗಿಯಿತು. ತಾಯಿ ಉಳಿದಿದ್ದಾಳೆ, ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ ಎಂದು ನರ್ಸ್ ಹೇಳಿದರು.

ಎಷ್ಟು ಕಡೆ ತಡೆಯಿತೆಂದು ಲೆಕ್ಕವಿಟ್ಟಿಲ್ಲ.

ಫೆಬ್ರವರಿ 19, ಬುಧವಾರ

ಕಾರಣ: ಗಡಿಯಾರ. ಹಳೆ ಕಂಪ್ಯೂಟರಿನ ಒಳಗೆ ಅಂಗಿಯ ಗುಂಡಿಯಷ್ಟಿರುವ ಒಂದು ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಸಮಯ ನೆನಪಿಡುವುದು ಅದೇ. ಅದು ಸತ್ತಿತ್ತು. ಇಷ್ಟು ದಿನ ಯುಪಿಎಸ್ ಕಾಪಾಡಿತ್ತು, ನಿನ್ನೆ ಅದೂ ಕೈಕೊಟ್ಟಿತು. ಕರೆಂಟು ಬಂದಾಗ ಕಂಪ್ಯೂಟರಿನ ತಾರೀಖು 2016ರ ಜನವರಿ ಒಂದು. ಕಂಟೇನರು ಅದನ್ನೇ ನಂಬಿತು. ಒಂಬತ್ತು ವರ್ಷ ಹಿಂದಿನ ತಾರೀಖಿನ ಗುರುತನ್ನು ಕ್ಲೌಡ್ ಒಪ್ಪಲಿಲ್ಲ. ಕೀ ಸರಿಯಾಗಿಯೇ ಇತ್ತು.

ಬ್ಯಾಟರಿ ಬದಲಾಯಿಸಿದೆ. ಕಂಟೇನರು ಶುರುವಾಗುವ ಮೊದಲು ಸಮಯ ಸರಿಯಿದೆಯೇ ಎಂದು ನೋಡುತ್ತದೆ. ಯಾವುದೇ ಮೆಸೇಜ್ ಎರಡು ನಿಮಿಷಕ್ಕಿಂತ ಹೆಚ್ಚು ಕಾದರೆ ಜೋರಾಗಿ ಗಂಟೆ ಹೊಡೆಯುತ್ತದೆ. ಈ ಗಂಟೆಯನ್ನು ಮೊದಲೇ ಬರೆಯಬೇಕಿತ್ತು. ಬರೆಯದಿದ್ದದ್ದು ನನ್ನ ತಪ್ಪು. ವರದಿಯಲ್ಲೂ ಹಾಗೇ ಬರೆದಿದ್ದೇನೆ.

ಅಂಚಿನ ಮಾತುಗಳಿಗೂ ಒಂದು ಕಾಲಂ ಸೇರಿಸಿದೆ. 812 ಜನರದ್ದೂ ಟೈಪ್ ಮಾಡಲು ಒಂದು ವಾರ ಬೇಕು.

ಫೆಬ್ರವರಿ 21, ಶುಕ್ರವಾರ

ಹುಚ್ಚಪ್ಪ ಫೋನ್ ಮಾಡಿದ್ದರು. "ಏನಾತ್ರಿ? ತಾಯಿ, ಕೂಸು ಹೆಂಗದಾರ? ಮಾಸ್ತರ ಇದ್ದಾಗ ಮಾರನೇ ದಿನ ತಪ್ಪದ ಹೇಳ್ತಿದ್ರು."

ರಿಜಿಸ್ಟರಿನ ಕೊನೆಯ ಅಂಕಣದಲ್ಲಿ ಪ್ರತಿ ದಾನದ ಮುಂದೆಯೂ ಒಂದು ತಾರೀಖು, ಪಕ್ಕದಲ್ಲಿ "ತಿ" ಎಂಬ ಅಕ್ಷರ ಇದೆ. ತಿಂಗಳು ಇರಬೇಕೆಂದುಕೊಂಡಿದ್ದೆ. ಕೇಳಿದಾಗ ಸೀತಾರಾಮಣ್ಣ ಬರೆದರು: "ತಿಳಿಸಿದ್ದು." ಇಪ್ಪತ್ತಾರು ವರ್ಷ, ಒಬ್ಬೊಬ್ಬರಿಗೂ.

ಆಸ್ಪತ್ರೆಯಲ್ಲಿ ವಿಚಾರಿಸಿದೆ. ತಾಯಿ ಚೇತರಿಸಿಕೊಳ್ಳುತ್ತಿದ್ದಾಳೆ. ಕೂಸು ನಿನ್ನೆ ಸಂಜೆ ಹೋಯಿತು.

ಮೆಸೇಜ್ ಬರೆಯಲು ಕೂತೆ. ಎಪ್ಪತ್ತು ಅಕ್ಷರದಲ್ಲಿ ಆಗುತ್ತಿತ್ತು. ಐವತ್ತರಲ್ಲೇ ಮುಗಿದಿತ್ತು. ಅಳಿಸಿದೆ. ಮೂವರಿಗೂ ಕರೆ ಮಾಡಿದೆ. ಪರಿಮಳಾ ಅತ್ತರು. ಸುಜಯ ಮತ್ತೆ ಗುಡ್ಡ ಹತ್ತಿ ಕೇಳಿಸಿಕೊಂಡು ಇಟ್ಟರು. ಹುಚ್ಚಪ್ಪ, "ಆ ತಾಯಿಗೆ ಸಣ್ಣ ವಯಸ್ಸೇನ್ರಿ?" ಎಂದರು. ಇಪ್ಪತ್ತಾರು ಎಂದೆ. "ಹೇಳಿದ್ದು ಚಲೋ ಆತ್ರಿ," ಎಂದರು.

ಮಾರ್ಚ್ 6, ಗುರುವಾರ

ರಂಜಾನ್ ಉಪವಾಸ ಶುರುವಾಗಿ ಐದು ದಿನ. ಮಧ್ಯಾಹ್ನದ ಮೇಲೆ ಗಂಟಲು ಒಣಗುತ್ತದೆ, ಕರೆಗಳನ್ನು ಬೆಳಿಗ್ಗೆಯೇ ಮುಗಿಸುತ್ತೇನೆ.

ಗಂಟೆ ಎರಡು ಸಲ ಹೊಡೆಯಿತು, ಎರಡೂ ಇಂಟರ್ನೆಟ್ ಹೋದಾಗ. ತಾನೇ ಸರಿಯಾಯಿತು. ಕೆಲಸ ಮುಗಿದ ಹಾಗೆಯೇ, ಫೋನನ್ನು ಬಳಗದವರಿಗೆ ಕೊಟ್ಟುಬಿಡು ಎಂದು ವಿಘ್ನೇಶ್ವರ ಸರ್ ಹೇಳಿದರು. ಕೆಲವು ನಂಬರು ಬದಲಾಗಿವೆ, ಅವನ್ನೆಲ್ಲ ಖಚಿತಪಡಿಸಿಕೊಂಡ ಮೇಲೆ ಕೊಡುವುದು ಒಳ್ಳೆಯದು ಎಂದೆ. ಎಷ್ಟು ದಿನ ಬೇಕು ಎಂದು ಕೇಳಿದರು. ಈಗಲೇ ಹೇಳಲಾಗುವುದಿಲ್ಲ ಎಂದೆ.

ಅಜರ್ ರಾತ್ರಿ ಊಟಕ್ಕೆ ಕೂತಾಗ, "ಆಪಾ, ಆ ಫೋನ್ ನನಗೆ ಕೊಡುವುದನ್ನೇ ಬಿಟ್ಟೆಯಲ್ಲ," ಎಂದ. ಅವನಿಗೆ ಬಾಡಿಗೆ ಜಾಸ್ತಿ ಇರುವ ಸಮಯ, ತೊಂದರೆ ಬೇಡವೆಂದು ನಾನೇ ಇಟ್ಟುಕೊಂಡಿದ್ದೇನೆ.

ಮಾರ್ಚ್ 14, ಶುಕ್ರವಾರ

ಮಧ್ಯಾಹ್ನ ಮೂರೂವರೆಗೆ ಹೊಸ ನಂಬರಿನಿಂದ ಕರೆ.

"ನಮಸ್ಕಾರ. ನಾನು ಅನುಶ್ರೀ, ಮನ್ಮನೆಯಿಂದ. ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ನನಗೆ ರಕ್ತ ಕೊಟ್ಟಿದ್ದರು. ಕೊಟ್ಟವರ ಹೆಸರು ಸಿಗಬಹುದಾ?"

ಪುಸ್ತಕದ ಕನ್ನಡದಲ್ಲಿ, ಮೊದಲೇ ಬರೆದಿಟ್ಟುಕೊಂಡು ಓದಿದ ಹಾಗೆ ಹೇಳಿದರು. ಹೆಸರು ಕೊಡುವ ಹಾಗಿಲ್ಲ, ನಿಯಮವಿದೆ ಎಂದೆ. ನಿಮ್ಮ ಕೃತಜ್ಞತೆ ಅವರಿಗೆ ಮುಟ್ಟಿಸುತ್ತೇನೆ, ಅವರೂ ನಿಮ್ಮ ಬಗ್ಗೆ ವಿಚಾರಿಸಿದ್ದರು ಎಂದೂ ಹೇಳಿದೆ.

ಕೆಲಸ ಅಷ್ಟಕ್ಕೇ ಮುಗಿದಿತ್ತು. ಅವರು ಫೋನ್ ಇಡಲಿಲ್ಲ. ಏನೋ ಹೇಳಲು ಹೊರಟು ನಿಂತರು. ನಾನೂ ಇಡಲಿಲ್ಲ.

"ಇದ್ದೀರಾ?" ಎಂದರು.

"ಇದ್ದೇನೆ."

"ಮನೆಗೆ ಬಂದವರೆಲ್ಲ ಮುಂದಿನದ್ದು ಹೇಳ್ತಾರೆ. ಸಣ್ಣ ಪ್ರಾಯ, ಇನ್ನೊಂದು ಆಗ್ತದೆ, ದೇವರು ಕೊಡ್ತಾನೆ. ನಾನು ಬಾಯಿ ತೆಗೆಯುವ ಮೊದಲೇ ಹೇಳಿ ಮುಗಿಸ್ತಾರೆ." ಆ ಮೇಲೆ ಬಂದದ್ದು ಅವರ ಮನೆಯ ಮಾತು. "ಎರಡು ದಿನ ಇತ್ತು ಅದು. ಯನ್ನ ಬೆರಳು ಹಿಡ್ಕಂಡಿತ್ತು. ಅದರ ಸುದ್ದಿ ಯಾರೂ ಕೇಳಿದ್ವಿಲ್ಲೆ."

ಹೆಣ್ಣೋ ಗಂಡೋ ಎಂದು ಕೇಳಿದೆ. ಹೆಣ್ಣು ಎಂದರು. ಕೂದಲು ತುಂಬ ಇತ್ತಂತೆ. ಬಲಗಿವಿಯ ಹಿಂದೆ ಮಚ್ಚೆ ಇತ್ತಂತೆ. ಒಂದೊಂದಕ್ಕೂ ಹೊತ್ತು ಹಿಡಿಯಿತು. ಪಕ್ಕದ ಮೇಜಿನವರು ಸನ್ನೆ ಮಾಡಿ, ಲೈನ್ ಕಡಿದಿದೆಯೇ ಎಂದು ಕೇಳಿದರು. ಇಲ್ಲವೆಂದು ಕೈಯಾಡಿಸಿದೆ.

"ಹೆಸರು ಅಂದುಕೊಂಡಿದ್ದಿರಾ?" ಎಂದು ಕೇಳಿದೆ.

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು. ಬೇರೆ ಕೋಣೆಗೆ ಹೋದರೇನೋ.

"ಅಂದ್ಕಂಡಿದ್ದಿ. ಯಾರಿಗೂ ಹೇಳಿದ್ನಿಲ್ಲೆ, ಇವರಿಗೂ ಹೇಳಿದ್ನಿಲ್ಲೆ."

ಕಾದೆ. ಹೇಳಿದರು. ಸರಿಯಾಗಿ ಕೇಳಿಸಿಕೊಂಡೆನೋ ಎಂದು ನಾನೂ ಒಂದು ಸಲ ಹೇಳಿದೆ. "ಹೌದು, ಅದೇ," ಎಂದರು. ಇನ್ನೊಂದು ಸಲ ಹೇಳಿ ಎಂದರು. ಹೇಳಿದೆ.

ಕರೆ ಮೂವತ್ತೊಂದು ನಿಮಿಷ ಎಂದು ಫೋನ್ ತೋರಿಸುತ್ತಿದೆ. ರಿಜಿಸ್ಟರಿನಲ್ಲಿ ಇಂದಿನ ತಾರೀಖು ಹಾಕಿದೆ. ಆ ಹೆಸರನ್ನು ಅಲ್ಲಿ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.